ಹಾಡು ಮುಗಿದ ಮೇಲೆ ಯಾರಿಗೆ ಏನು ಬೇಕು?

‘ಸಿಂಗಿಂಗ್ ಇನ್ ದ ರೇನ್’ ಅನ್ನುವ ಹಾಲಿವುಡ್‌ನ ಹಾಡು-ಕುಣಿತದ ಸಿನಿಮಾ ಇಟ್ಟುಕೊಂಡು ನಾಟಕದ ಪಾತ್ರ ಕಟ್ಟುತ್ತೇನೆ ಅಂದಾಗ ನಮ್ಮ ಹವ್ಯಾಸಿ ತಂಡದವರೆಲ್ಲ ನಕ್ಕರು. "ಅದರಲ್ಲಿ ಕುಣಿತ ಬಿಟ್ಟರೆ ಏನಿದೆ? ಪಾತ್ರ ಕಲಿಯೋಕೆ ಗಂಭೀರ ಸಿನಿಮಾ ನೋಡು" ಅಂತ ಬುದ್ಧಿವಾದ ಬೇರೆ. ಈಗ ನಮ್ಮ ಹಾಡಿನ ನಾಟಕ ನಾಲ್ಕೈದು ಊರು ಸುತ್ತಿ ಬಂದಿದೆ. ಹಾಡು ಶುರುವಾದಾಗ ಜನ ಚಹಾಕ್ಕೆ ಎದ್ದು ಹೋಗುತ್ತಿಲ್ಲ. ನಕ್ಕವರಲ್ಲಿ ಇಬ್ಬರು ನನ್ನ ಪಟ್ಟಿಯ ಜೆರಾಕ್ಸ್ ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಷ್ಟ ಏನಂದ್ರೆ, ಹಾಡು ಮೊದಲೇ ಇದ್ದವು, ಕಥೆ ಇರಲಿಲ್ಲ. ಹಳೆಯ ನಾಟಕಗಳಿಗೆ ಮಾಡಿದ ಹತ್ತು ಹನ್ನೆರಡು ಹಾಡುಗಳನ್ನು ಸೇರಿಸಿ ಒಂದು ಹಾಸ್ಯ ನಾಟಕ ಆಗಬೇಕಿತ್ತು. ಆ ಸಿನಿಮಾದ ಚಿತ್ರಕಥೆ ಬರೆದ ಬೆಟ್ಟಿ ಕಾಮ್ಡೆನ್, ಅಡಾಲ್ಫ್ ಗ್ರೀನ್ ಜೋಡಿಗೂ ಇದೇ ಕಷ್ಟ ಬಂದಿತ್ತು. ನಿರ್ಮಾಪಕ ಆರ್ಥರ್ ಫ್ರೀಡ್ ಒಂದು ಕಾಲಕ್ಕೆ ತಾನೇ ಹಾಡು ಬರೆಯುತ್ತಿದ್ದವನು. ಬರೆದದ್ದು ಅವನು, ರಾಗ ಹಾಕಿದ್ದು ನೇಸಿಯೋ ಹರ್ಬ್ ಬ್ರೌನ್. ಆ ಹಳೆಯ ಹಾಡುಗಳನ್ನೇ ಮುಂದಿಟ್ಟು ಕಥೆ ಮಾಡಿ ಅಂದ. ಹಾಡುಗಳಲ್ಲಿ ಬಹಳಷ್ಟು ಟಾಕಿ, ಅಂದರೆ ಮಾತಿನ ಸಿನಿಮಾ, ಹೊಸದಾಗಿ ಬಂದ ಕಾಲದವು. ಅದಕ್ಕೇ ಅವರು ಕಥೆಯನ್ನು 1927ಕ್ಕೆ ಒಯ್ದು, ಮೂಕಿಚಿತ್ರದ ತಾರೆಯರ ಬಾಯಿಗೆ ಮೈಕ್ ಇಟ್ಟರು. ಸಿನಿಮಾ ಬಂದದ್ದು 1952ರಲ್ಲಿ.

ಇದಕ್ಕೂ ಮೊದಲು ನಾವು ಎಲ್ಲರೂ ಮಾಡುವ ದಾರಿಯಲ್ಲೇ ಹೋಗಿದ್ದೆವು. ಒಂದು ಶಿಬಿರದಲ್ಲಿ ಹೇಳಿಕೊಟ್ಟ ಹಾಗೆ ಪ್ರತಿ ನಟನೂ ತನ್ನ ಪಾತ್ರದ ಜೀವನಚರಿತ್ರೆ ಬರೆದ. ಬಾಲ್ಯ, ಅಪ್ಪನ ಸಿಟ್ಟು, ಇಷ್ಟದ ತಿಂಡಿ, ಎಲ್ಲ. ನೋಟ್‌ಬುಕ್ ತುಂಬಿತು, ನಾಟಕ ಮಲಗಿತು. ಪ್ರತಿ ಹಾಡಿಗೂ ಕಥೆ ನಿಂತು, ಹಾಡು ಮುಗಿದ ಮೇಲೆ ಮತ್ತೆ ಅಲ್ಲಿಂದಲೇ ಶುರು. ರಂಗಮಂದಿರದ ಬಾಡಿಗೆ, ಲೈಟು, ವಾದ್ಯದವರು ಸೇರಿ ಸುಮಾರು ಎಪ್ಪತ್ತು ಸಾವಿರ ಹೋಯಿತು. ಟಿಕೆಟ್‌ನಿಂದ ಬಂದದ್ದು ಇಪ್ಪತ್ತೈದರ ಆಸುಪಾಸು. ಉಳಿದದ್ದು ಇಬ್ಬರ ಜೇಬಿನಿಂದ. ಅದರಲ್ಲಿ ಒಂದು ನನ್ನದು.

ಆಮೇಲೆ ಮಾಡಿದ್ದು ಸರಳ. ಪ್ರತಿ ಹಾಡಿನ ಹಿಂದೆ, ಮುಂದೆ ಸಿನಿಮಾ ನಿಲ್ಲಿಸಿ ಎರಡು ಕಾಲಂನ ಪಟ್ಟಿ ತುಂಬಿಸಿದೆ. ಈ ಪಾತ್ರಕ್ಕೆ ನಿಜವಾಗಿ ಏನು ಬೇಕು? ಹೊರಗೆ ಏನು ತೋರಿಸಿಕೊಳ್ಳುತ್ತಿದೆ? ಮೂರನೆಯದೂ ಒಂದು ಕಾಲಂ ಇದೆ, ಜೆರಾಕ್ಸ್‌ನಲ್ಲಿ ಅದನ್ನು ಮಡಚಿಯೇ ಕೊಡುತ್ತೇನೆ. ತಾಲೀಮಿಗೆ ಬಂದವರಿಗೆ ಮಾತ್ರ ಅದು.

ಡಾನ್ ಲಾಕ್‌ವುಡ್‌ನಿಂದ ಶುರು ಮಾಡಿ. ಮೂಕಿಚಿತ್ರದ ದೊಡ್ಡ ತಾರೆ, ಜೀನ್ ಕೆಲಿ ಮಾಡಿದ ಪಾತ್ರ. ಮೊದಲ ದೃಶ್ಯದಲ್ಲೇ ರೆಡ್ ಕಾರ್ಪೆಟ್ ಮೇಲೆ ನಿಂತು, ತಾನು ಎಷ್ಟು ಘನತೆಯಿಂದ ಮೇಲೆ ಬಂದೆ ಅಂತ ಮೈಕಿನಲ್ಲಿ ಹೇಳುತ್ತಾನೆ. ಪರದೆ ಮೇಲೆ ಕಾಣುವುದು ಅವನು ಅಗ್ಗದ ಬಾರುಗಳಲ್ಲಿ ಪಿಟೀಲು ಬಾರಿಸಿ, ಸ್ಟಂಟ್ ಮಾಡಿ ಬಿದ್ದು ಎದ್ದದ್ದು. ಎರಡೂ ಕಾಲಂ ಒಟ್ಟಿಗೆ ತೆರೆ ಮೇಲೆ! ಅವನಿಗೆ ಹುಡುಗಿ ಬೇಕು ಅನ್ನುವುದು ಮೇಲಿನ ಮಾತು. ಬೇಕಾಗಿರುವುದು ಸುಳ್ಳು ಬಿಟ್ಟು ನಿಲ್ಲುವ ಒಂದು ಜಾಗ.

ಈಗ ಎರಡು ಹಾಡು ಪಕ್ಕಪಕ್ಕ ಇಟ್ಟು ನೋಡಿ. ಖಾಲಿ ಸ್ಟುಡಿಯೋದಲ್ಲಿ ಡಾನ್ ತಾನು ಮೆಚ್ಚಿದ ಹೊಸ ನಟಿ ಕ್ಯಾಥಿಗೆ ಪ್ರೀತಿ ಹೇಳಬೇಕು, ಬಾಯಿ ಬರಲ್ಲ. ಒಂದು ಸ್ವಿಚ್ ಹಾಕಿ ಬೆಳದಿಂಗಳು ಮಾಡುತ್ತಾನೆ. ಅವಳನ್ನು ಏಣಿ ಹತ್ತಿಸಿ ಅದನ್ನೇ ಬಾಲ್ಕನಿ ಅನ್ನುತ್ತಾನೆ. ದೊಡ್ಡ ಫ್ಯಾನ್ ಹಾಕಿ ತಂಗಾಳಿ ಬೀಸಿಸುತ್ತಾನೆ. ಇಷ್ಟೆಲ್ಲ ಸಾಮಾನು ಜೋಡಿಸಿದ ಮೇಲೆ ಹಾಡು. ನಿಜ ಹೇಳೋಕೂ ಅವನಿಗೆ ಸೆಟ್ ಬೇಕು. ಮಳೆ ಹಾಡಿಗೆ ಬನ್ನಿ. ಅಲ್ಲಿ ಏಣಿ ಇಲ್ಲ, ಫ್ಯಾನ್ ಇಲ್ಲ. ಕಾರು ಕಳಿಸಿಬಿಡುತ್ತಾನೆ, ಕೊಡೆ ಮಡಚುತ್ತಾನೆ, ಒಳ್ಳೆಯ ಸೂಟು ತೊಪ್ಪೆಯಾಗುವುದನ್ನು ಲೆಕ್ಕಿಸಲ್ಲ. ಕೊನೆಗೆ ಪೊಲೀಸಿನವನು ಗುರಾಯಿಸಿದಾಗ ಕೊಡೆಯನ್ನು ದಾರಿಹೋಕನಿಗೆ ಕೊಟ್ಟು ನಡೆಯುತ್ತಾನೆ. ಮೊದಲ ದೃಶ್ಯದ ಘನತೆ ಇಲ್ಲಿ ಮೋರಿ ನೀರಿಗೆ ಬಿತ್ತು. ಕೆಲಿಗೆ ಆಗ 103 ಡಿಗ್ರಿ ಜ್ವರ ಇತ್ತು ಅಂತಾರೆ. ಮುಖದಲ್ಲಿ ಹುಡುಕಿದೆ, ಸಿಗಲಿಲ್ಲ.

ಇದು ನೋಡಿ ನಮಗೂ ಮಳೆ ಹುಚ್ಚು ಹಿಡಿಯಿತು. ಪಿವಿಸಿ ಪೈಪಿಗೆ ತೂತು ಹೊಡೆದು ವೇದಿಕೆ ಮೇಲೆ ಕಟ್ಟಿದೆವು. ಪೈಪು, ಮೋಟರು, ಟಾರ್ಪಾಲು ಸೇರಿ ಎಂಟೊಂಬತ್ತು ಸಾವಿರ. ಲೈಟಿನವನು ವೈರ್ ನೋಡಿ "ಸಾರ್, ನೀವು ಬೇಕಾದ್ರೆ ಕುಣೀರಿ, ನಾನು ಮನೆಗೆ ಹೋಗ್ತೀನಿ" ಅಂದ. ಪೈಪು ಈಗ ನಮ್ಮ ಮನೆ ತೆಂಗಿನ ಬುಡದಲ್ಲಿದೆ. ಮಳೆ ಬೇಕಿರಲಿಲ್ಲ. ನಾಯಕ ಬಾಡಿಗೆಗೆ ತಂದ ಕೋಟನ್ನು ಹಾಡಿನ ನಡುವೆ ಬಿಚ್ಚಿ, ಅದನ್ನು ತಂದುಕೊಟ್ಟ ಹುಡುಗನಿಗೇ ವಾಪಸ್ ಕೊಡುವ ಹಾಗೆ ಮಾಡಿದೆವು. ಚಪ್ಪಾಳೆ ಅಲ್ಲೇ ಬಿತ್ತು.

ಜಾಸ್ತಿ ಕಲಿತದ್ದು ಡಾನ್ ಜೊತೆ ನಾಯಕಿಯಾಗಿ ನಟಿಸುವ ತಾರೆ ಲೀನಾ ಲಮಾಂಟ್‌ಳಿಂದ. ಎಲ್ಲರೂ ಅವಳನ್ನು ಕೀರಲು ದನಿಯ ದಡ್ಡಿ ಅಂತಾರೆ. ಕಾಲಂ ತುಂಬಿಸಿ ನೋಡಿ. ಇಡೀ ಸಿನಿಮಾದಲ್ಲಿ ತನಗೆ ಏನು ಬೇಕು ಅಂತ ಮೊದಲಿಂದ ಗೊತ್ತಿರುವವಳು ಅವಳೇ. ಡಾನ್ ತನ್ನವನು ಅಂತ ಪತ್ರಿಕೆಯವರೇ ಬರೆದಿದ್ದಾರೆ, ಅದನ್ನು ಬರೆಸಿದ್ದು ಸ್ಟುಡಿಯೋ. ಅವಳು ನಂಬಿದಳು, ಅಷ್ಟೇ. ಅವಳು ಬದಲಾಗುವುದೇ ಇಲ್ಲ, ಹಾಗಾಗಿ ಉಳಿದವರೆಲ್ಲ ಬದಲಾಗಬೇಕಾಗುತ್ತದೆ. ಒಪ್ಪಂದದ ಕಾಗದ ಓದಿ ಸ್ಟುಡಿಯೋ ಯಜಮಾನನನ್ನೇ ಕಟ್ಟಿಹಾಕುತ್ತಾಳಲ್ಲ, ಆ ಬುದ್ಧಿ ಡಾನ್‌ಗೂ ಇಲ್ಲ. ಲೀನಾ ಪಾತ್ರ ಮಾಡಿದ ಜೀನ್ ಹೇಗನ್‌ಗೆ ಆಸ್ಕರ್ ನಾಮನಿರ್ದೇಶನ ಸುಮ್ನೆ ಬಂದದ್ದಲ್ಲ. ಇನ್ನೊಂದು ತಮಾಷೆ: ಲೀನಾಳ ಮಾತಿಗೆ ಕ್ಯಾಥಿ ದನಿ ಕೊಡುವ ದೃಶ್ಯದಲ್ಲಿ ನಾವು ಕೇಳುವ ಸೊಗಸಾದ ದನಿ ಹೇಗನ್‌ಳದ್ದೇ.

ನಮ್ಮ ನಾಟಕದ ಖಳನಾಯಕಿಗೂ ಹೀಗೇ ಮಾಡಿದೆ. ಅವಳ ಸಾಲನ್ನು ಮೊದಲು ತುಂಬಿಸಿ, ಉಳಿದವರನ್ನು ಅವಳ ಸುತ್ತ ಜೋಡಿಸಿದೆ. ಹನ್ನೆರಡರಲ್ಲಿ ನಾಲ್ಕು ಹಾಡು ತಾವಾಗಿಯೇ ಉದುರಿದವು. ಹಾಡಿಗೆ ಮೊದಲು ಏನು ಬೇಕಿತ್ತೋ ಆಮೇಲೂ ಅದೇ ಬೇಕಿದ್ದರೆ ಆ ಹಾಡು ತೆಗೆಯಬೇಕು. ಹಾರ್ಮೋನಿಯಂನವರು ಒಂದು ವಾರ ಮಾತು ಬಿಟ್ಟರು.

ಕ್ಯಾಥಿಯದ್ದು ಬೇಗ ಮುಗಿಯುತ್ತದೆ. ಅವಳೂ ಸುಳ್ಳುಗಾತಿಯೇ. ರಂಗಭೂಮಿ ನಟಿ ಅಂದವಳು ಪಾರ್ಟಿಯ ಕೇಕಿನೊಳಗಿಂದ ಹೊರಬರುತ್ತಾಳೆ. ಡಾನ್‌ಗಿಂತ ಮೊದಲು ನಿಜ ಒಪ್ಪಿಕೊಳ್ಳುತ್ತಾಳೆ, ಆಮೇಲೆ ಲೀನಾಗೆ ದನಿ ಕೊಡಲು ಅವಳನ್ನೇ ಪರದೆ ಹಿಂದೆ ನಿಲ್ಲಿಸುತ್ತಾರೆ. ಕೊನೆಯಲ್ಲಿ ಡಾನ್, ಅವನ ಗೆಳೆಯ ಕಾಸ್ಮೋ, ಸ್ಟುಡಿಯೋ ಯಜಮಾನ ಮೂವರೂ ಹಗ್ಗ ಎಳೆದು ಪರದೆ ಮೇಲೆತ್ತಿದಾಗ ಎಲ್ಲರ ಎರಡು ಕಾಲಂಗಳೂ ಒಂದೇ ಆಗುತ್ತವೆ.

ಪಟ್ಟಿ ಸೋಲುವ ಜಾಗವೂ ಇದೆ. ಕೊನೆಗೆ ಹತ್ತಿರ ಬರುವ, ನರ್ತಕಿ ಸಿಡ್ ಚರೀಸ್ ಹಸಿರು ಉಡುಪಿನಲ್ಲಿ ಬರುವ ಆ ಉದ್ದದ ಬ್ಯಾಲೆ. ಮುಂದೆ ತೆಗೆಯಬೇಕಾದ ದೃಶ್ಯ ಅಂತ ಡಾನ್ ಯಜಮಾನನಿಗೆ ವಿವರಿಸುವುದು ಅದು. ಹನ್ನೆರಡು ಹದಿಮೂರು ನಿಮಿಷ, ಡಾನ್‌ಗೆ ಏನೂ ಬದಲಾಗಲ್ಲ. ಅದು ಮುಗಿದದ್ದೇ ಯಜಮಾನ "ನನಗೆ ಕಣ್ಣಿಗೆ ಕಟ್ಟುತ್ತಿಲ್ಲ" ಅನ್ನುವ ಅರ್ಥದ ಮಾತಾಡುತ್ತಾನೆ, ನಾವು ನಕ್ಕು ಕ್ಷಮಿಸುತ್ತೇವೆ. ನಾವೂ ಒಂದು ಉದ್ದದ ಕುಣಿತ ಇಟ್ಟು, ಬಟ್ಟೆಗೇ ಹದಿನೈದು ಸಾವಿರ ಸುರಿದೆವು. ಹಿಂದಿನ ಸಾಲಿನಲ್ಲಿ ಮೊಬೈಲ್ ಬೆಳಗಿದವು. ಮುಂದಿನ ಊರಿನಲ್ಲಿ ಅರ್ಧ ಕತ್ತರಿಸಿ, ಆ ನಂತರ ಜಿಪುಣ ಮಾವನ ಬಾಯಲ್ಲಿ "ಇದಕ್ಕೆಷ್ಟಾಯ್ತು?" ಅಂತ ಒಂದೇ ಮಾತು ಹಾಕಿದೆ. ಬಚಾವ್.

ಇನ್ನು ಕಾಸ್ಮೋ. ಡಾನಲ್ಡ್ ಓಕಾನರ್ ಗೋಡೆ ಹತ್ತಿ ಪಲ್ಟಿ ಹೊಡೆಯುತ್ತಾನಲ್ಲ, ಅವನು. ಅವನ ಕಾಲಂ ಎಷ್ಟು ಸಲ ಕೂತರೂ ಖಾಲಿ. ತನಗಾಗಿ ಏನೂ ಕೇಳಲ್ಲ, ಕ್ಯಾಥಿಯ ದನಿ ಬಳಸುವ ಉಪಾಯದಿಂದ ಹಿಡಿದು ಎಲ್ಲ ಅವನೇ ಕೊಡುತ್ತಾನೆ, ಆದರೂ ಬೇಸರ ಬರಿಸಲ್ಲ. ನಮ್ಮ ನಾಟಕದ ಗೆಳೆಯನಿಗೆ ಇದೇ ಮಾಡಿದಾಗ ಅವನು ಮೂಲೆಯಲ್ಲಿ ನಿಂತ ಕುರ್ಚಿಯಾದ. ಸದ್ಯಕ್ಕೆ ಅವನಿಗೆ ಐನೂರು ರೂಪಾಯಿ ಸಾಲ ಕೊಟ್ಟು, ವಾಪಸ್ ಕೇಳುವ ಕೆಲಸ ಹಚ್ಚಿದ್ದೇನೆ. ಮುಂದಿನ ಶೋ ಯುಗಾದಿ ಆದ ಮೇಲೆ. ಆಗ ನೋಡಬೇಕು.