ಹೆರಿಗೆ ರಜೆ: ಕೆಲಸ ಉಳಿಸಿಕೊಂಡು ಕೇಳುವುದು ಹೇಗೆ?

ಖಾಸಗಿ ಕಂಪನಿಯಲ್ಲಿದ್ದೀರಾ, ಮಗುವಿನ ಯೋಚನೆ ಇದೆಯಾ? ಮೊದಲು 80 ದಿನದ ಲೆಕ್ಕ ನೋಡಿಕೊಳ್ಳಿ. ಡಾಕ್ಟರ್ ಕೊಟ್ಟ ಹೆರಿಗೆ ತಾರೀಖಿನ ಹಿಂದಿನ 12 ತಿಂಗಳಲ್ಲಿ ಆ ಕಂಪನಿಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ್ದರೆ ಸಂಬಳ ಸಹಿತ ರಜೆ ನಿಮ್ಮ ಹಕ್ಕು. 10 ಜನ ಕೆಲಸಗಾರರಿರುವ ಅಂಗಡಿಗೂ ಇದು ಅನ್ವಯಿಸುತ್ತದೆ. ಕೆಲಸ ಬದಲಿಸುವುದಿದ್ದರೆ ಈ ಲೆಕ್ಕ ಹಾಕಿಯೇ ಬದಲಿಸಿ.

ಮೊದಲ ಎರಡು ಮಕ್ಕಳಿಗೆ 26 ವಾರ, ಮೂರನೆಯದಕ್ಕೆ 12 ವಾರ. ಹೆರಿಗೆಗೆ ಮುಂಚೆ 8 ವಾರದವರೆಗೆ ತೆಗೆದುಕೊಳ್ಳಬಹುದು, ಆದರೆ ಮೈ ಚೆನ್ನಾಗಿದ್ದರೆ, ಡಾಕ್ಟರ್ ಕೂಡ ಒಪ್ಪಿದರೆ, ಆದಷ್ಟು ವಾರಗಳನ್ನು ಮಗು ಹುಟ್ಟಿದ ಮೇಲಕ್ಕೆ ಉಳಿಸಿಕೊಳ್ಳಿ. ಗರ್ಭಪಾತವಾದರೂ 6 ವಾರ ರಜೆ ಇದೆ. ದಯವಿಟ್ಟು ಅದನ್ನು ಕೇಳಿ ತೆಗೆದುಕೊಳ್ಳಿ, ಸುಮ್ನೆ ನೋವು ನುಂಗಿಕೊಂಡು ಆಫೀಸಿಗೆ ಹೋಗಬೇಡಿ.

ಈಗ ಹಣದ ವಿಷಯ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರಿಗೆ ಇಎಸ್‌ಐ ಕೊಡುತ್ತದೆ, ಅದಕ್ಕೆ ವಂತಿಗೆಯ ಲೆಕ್ಕ ಬೇರೆ. ಉಳಿದವರಿಗೆ 26 ವಾರದ ಪೂರ್ತಿ ಸಂಬಳ ಕಂಪನಿಯೇ ಕೊಡಬೇಕು, ಸರ್ಕಾರ ಒಂದು ಪೈಸೆಯನ್ನೂ ಹಾಕುವುದಿಲ್ಲ. ಇಂಟರ್‌ವ್ಯೂನಲ್ಲಿ "ಮದುವೆ ಆಗಿದೆಯಾ, ಮಕ್ಕಳ ಪ್ಲಾನ್ ಏನು" ಅಂತ ಕೇಳುವುದರ ಹಿಂದೆ ಈ ಲೆಕ್ಕವೂ ಇದೆ. 2017ರಲ್ಲಿ 12 ವಾರವನ್ನು 26 ಮಾಡಿದ್ದು ಒಳ್ಳೆಯದೇ, ಹೊರೆಯನ್ನೆಲ್ಲ ಕಂಪನಿಯ ತಲೆಗೆ ಕಟ್ಟಿದ್ದು ಮಾತ್ರ ತಪ್ಪು ಅಂತ ನಾನು ಖಂಡಿತ ಹೇಳುತ್ತೇನೆ, ಯಾಕೆಂದರೆ ಅದರ ಪೆಟ್ಟು ಕೊನೆಗೆ ಕೆಲಸ ಹುಡುಕುವ ಹೆಣ್ಣುಮಕ್ಕಳಿಗೇ ಬೀಳುತ್ತದೆ. ಕೆಲಸ ಹೋದೀತೆಂಬ ಭಯಕ್ಕೆ ಎರಡನೇ ಮಗುವನ್ನು ಮುಂದೂಡುವವರೂ ಇದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಫಲವತ್ತತೆ ದರ ಒಬ್ಬ ಮಹಿಳೆಗೆ 1.7 ಮಕ್ಕಳು. ಕಾರಣ ಹಲವು, ರಜೆ ಒಂದೇ ಅಲ್ಲ. ಆದರೆ ಮಗು ಮತ್ತು ಕೆಲಸದ ನಡುವೆ ಒಂದನ್ನು ಆರಿಸಿಕೋ ಅಂದರೆ ಯಾರಿಗೆ ಧೈರ್ಯ ಬರುತ್ತದೆ ಹೇಳಿ?

ಅದಕ್ಕೇ ಎಲ್ಲವೂ ಬರಹದಲ್ಲಿರಲಿ. ಎಚ್‌ಆರ್‌ಗೆ ಬಾಯಲ್ಲಿ ಹೇಳಿದರೆ ಸಾಲದು. ರಜೆ ಶುರುವಾಗುವ ದಿನ, ವಾಪಸ್ ಬರುವ ದಿನ ಬರೆದು ಇಮೇಲ್ ಮಾಡಿ, ಒಂದು ಪ್ರತಿಯನ್ನು ನಿಮ್ಮ ಸ್ವಂತ ಇಮೇಲ್‌ಗೂ ಹಾಕಿಕೊಳ್ಳಿ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು, ಷರತ್ತುಗಳನ್ನು ನಿಮಗೆ ನಷ್ಟವಾಗುವಂತೆ ಬದಲಿಸುವುದು ಕಾನೂನುಬಾಹಿರ. "ನೀವೇ ರಾಜೀನಾಮೆ ಕೊಟ್ಟುಬಿಡಿ" ಅಂದರೆ ಸಹಿ ಹಾಕಬೇಡಿ, ಕಾರ್ಮಿಕ ಇಲಾಖೆಗೆ ದೂರು ಕೊಡಿ.

50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿಯಾದರೆ ಶಿಶುಪಾಲನಾ ಕೇಂದ್ರದ ಬಗ್ಗೆ ರಜೆಗೆ ಹೋಗುವ ಮೊದಲೇ ಕೇಳಿ. ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಲು ಬಿಡಬೇಕು. ಗಂಡನೂ ರಜೆ ಕೇಳಲಿ. ಖಾಸಗಿಯವರಿಗೆ ಅಪ್ಪನ ರಜೆಯ ಕಾನೂನಿಲ್ಲ, ಆದರೂ ಎಷ್ಟೋ ಕಂಪನಿಗಳು ತಾವಾಗಿಯೇ ಕೊಡುತ್ತವೆ.