ಹಳೆ ಮರ ಬೇರೆ, ಹಳೆ ಕುರ್ಚಿ ಬೇರೆ: ಮುಂಬೈಯಲ್ಲಿ ಐವತ್ತು-ಅರವತ್ತರ ದಶಕದ ಫರ್ನಿಚರ್ ಗುರುತಿಸಿ ಕೊಳ್ಳುವುದು

ಜೋಗೇಶ್ವರಿ ಪಶ್ಚಿಮದ ಓಶಿವರಾ ಮಾರುಕಟ್ಟೆಯಲ್ಲಿ 'ಮಿಡ್ ಸೆಂಚುರಿ' ಎಂದು ತೋರಿಸುವ ಎಷ್ಟೋ ಕುರ್ಚಿಗಳ ಮರ ನಿಜವಾಗಿಯೂ ಹಳೆಯದೇ. ಹಳೆ ಚಾಳು, ಬಂಗಲೆ ಕೆಡವಿದಾಗ ಸಿಕ್ಕ ತೊಲೆ, ಜಂತೆ, ಬಾಗಿಲ ಚೌಕಟ್ಟುಗಳನ್ನು ಸೀಳಿ, ಕೀಸಿ ಹೊಸದಾಗಿ ಕುರ್ಚಿ ಮಾಡಿರುತ್ತಾರೆ. ಮರಕ್ಕೆ ನೂರು ವರ್ಷ, ಕುರ್ಚಿಗೆ ಹತ್ತು ತಿಂಗಳು. ಅಂಗಡಿಯವನು 'ಪುರಾನಾ ಸಾಗ್ ಹೈ' (ಹಳೆ ತೇಗ) ಎಂದಾಗ ಸುಳ್ಳು ಹೇಳುತ್ತಿಲ್ಲ, ನಾವೇ ಅದನ್ನು 'ಹಳೆ ಕುರ್ಚಿ' ಎಂದು ಕೇಳಿಸಿಕೊಳ್ಳುತ್ತೇವೆ. ಇಂಥ ಕುರ್ಚಿ ಕೆಟ್ಟದ್ದೇನಲ್ಲ. ಆದರೆ ಹಳೆಯದರ ಬೆಲೆ ಕೊಡಬೇಕಾಗಿಲ್ಲ.

ಸ್ಥೂಲವಾಗಿ 1945ರಿಂದ 1970ರವರೆಗಿನದು ಈ 'ಮಿಡ್ ಸೆಂಚುರಿ' ಶೈಲಿಯ ಕಾಲ. ಕೆಳಗಿಳಿದಂತೆ ಸಪೂರವಾಗಿ ಹೊರಕ್ಕೆ ಚಾಚಿದ ಕಾಲು, ತೆಳು ಕೈ, ಕೆತ್ತನೆ ಇಲ್ಲದ ಬಯಲು ಮೈ, ನೆಲದಿಂದ ಎತ್ತಿ ನಿಲ್ಲಿಸಿದ ಕಪಾಟು. ಮುಂಬೈಯಲ್ಲಿ ಇದನ್ನು ಆರ್ಟ್ ಡೆಕೊ ಜೊತೆ ಬೆರೆಸಿಬಿಡುತ್ತಾರೆ. ಮೂವತ್ತು-ನಲವತ್ತರ ದಶಕದ ಡೆಕೊ ದಪ್ಪ, ಭಾರ, ಮೂಲೆಗಳು ಗುಂಡು. ಮೈಮೇಲೆ ಮೂರು ಸಮಾನಾಂತರ ಗೆರೆಗಳು ಸಾಮಾನ್ಯ. ಕಪಾಟಿನ ತಳ ನೆಲಕ್ಕೆ ಕೂತಿದ್ದರೆ ಡೆಕೊ ಇರಬಹುದೆಂದು ಹಿಡಿಯಿರಿ. ಇರಾನಿ ಹೋಟೆಲಿನ ಬಾಗಿಸಿದ ಬೀಚ್ ಮರದ ಕುರ್ಚಿಯ ವಂಶ ಇನ್ನೂ ಹಿಂದಿನದು. ಅದರ ಮೂಲಮಾದರಿಯಾದ ಥೋನೆಟ್ ಕಂಪನಿಯ 14ನೇ ನಂಬರ್ ಕುರ್ಚಿ 1859ರದು. ಅದರಲ್ಲಿ ಇರುವುದು ಆರೇ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು.

ಎಲ್ಲಿ ಹುಡುಕಬೇಕು

ಓಶಿವರಾಕ್ಕೆ ರಾಮಮಂದಿರ ಸ್ಟೇಷನ್ನಿನಲ್ಲಿ ಇಳಿದರೆ ಹತ್ತಿರ. ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಅಂಗಡಿಗಳು ಶುಕ್ರವಾರ ಮುಚ್ಚಿರುತ್ತವೆ. ಅಂದು ನಸುಕಿನಲ್ಲಿ ರಸ್ತೆಯ ಮೇಲೆ ಬೇರೆಯದೇ ಸಂತೆ. ಹಡಗು ಒಡೆದ ಸಾಮಾನೂ ಈ ಅಂಗಡಿಗಳಿಗೆ ಬರುತ್ತದೆ. ಮೇಜಿನ ಅಂಚಿನಲ್ಲಿ ಸಾಮಾನು ಜಾರದಂತೆ ಎತ್ತರಿಸಿದ ಪಟ್ಟಿ, ಸ್ವಲ್ಪ ಎತ್ತಿದರೆ ಮಾತ್ರ ಹೊರಬರುವ ಡ್ರಾಯರ್, ಕಾಲಿನ ಬುಡದಲ್ಲಿ ನೆಲಕ್ಕೆ ಬಿಗಿದ ಬೋಲ್ಟಿನ ತೂತು ಕಂಡರೆ ಅದು ಹಡಗಿನದು.

ಎಲ್ಲಕ್ಕಿಂತ ಒಳ್ಳೆಯದು ಮನೆಯಿಂದಲೇ ಕೊಳ್ಳುವುದು. ಮಾಟುಂಗಾ, ವಡಾಲಾ, ದಾದರ್ ಕಡೆಯ ಹಳೆ ಕಟ್ಟಡಗಳು ರೀಡೆವಲಪ್‌ಮೆಂಟಿಗೆ ಹೋಗುವಾಗ ಬಾಡಿಗೆ ಮನೆಗೆ ಹೊರಟವರಿಗೆ ಏಳಡಿ ಸೈಡ್‌ಬೋರ್ಡ್ ಹೊರೆ. ನಮ್ಮ ಕನ್ನಡಿಗರ ಮನೆಗಳೂ ಅಲ್ಲಿ ಕಡಿಮೆಯಿಲ್ಲ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ, ಸೊಸೈಟಿಯ ವಾಚ್‌ಮನ್ ಬಳಿ ಒಂದು ಮಾತು ಹಾಕಿಡಿ. ಗುಜರಿಯವನು ಬರುವ ಮೊದಲು ನೀವು ಹೋಗಬೇಕು. ಮನೆಯವರಿಗೆ ಕೊಂಡ ಕಾಲ, ಮಾಡಿಸಿದ ಮಿಸ್ತ್ರಿ ನೆನಪಿದ್ದರೆ ಬರೆದುಕೊಳ್ಳಿ. ಸ್ಥಳೀಯ ಮಿಸ್ತ್ರಿ ಮಾಡಿದ ಸಾಮಾನಿಗೆ ಕಂಪನಿಯ ಚೀಟಿ ಇರುವುದಿಲ್ಲ, ಆ ಮಾತೇ ದಾಖಲೆ.

ಕುರ್ಚಿ ಮಗುಚಿ ನೋಡಿ

ಜೇಬಿನಲ್ಲಿ ಟಾರ್ಚು, ಟೇಪು, ಸಣ್ಣ ಅಯಸ್ಕಾಂತ, ಹತ್ತಿ, ಒಂದು ಚಿಕ್ಕ ಬಾಟಲಿ ಪಾಲಿಶ್ ಸ್ಪಿರಿಟ್ ಇರಲಿ. ಮೇಲಿನ ಹೊಳಪು ನೋಡುತ್ತ ನಿಲ್ಲಬೇಡಿ, ಮೊದಲು ಕುರ್ಚಿಯನ್ನು ತಲೆಕೆಳಗು ಮಾಡಿ.

ಸೀಟಿನ ಚೌಕಟ್ಟಿನ ಒಳಮೈಗೆ ಆ ಕಾಲದವರು ಪಾಲಿಶ್ ಹಚ್ಚುವ ಗೋಜಿಗೆ ಹೋಗುತ್ತಿದ್ದುದು ಅಪರೂಪ. ಅಲ್ಲಿ ಮರ ಒಣಗಿ, ಧೂಳು ಹಿಡಿದು, ಜಾಗ ಜಾಗಕ್ಕೆ ಬೇರೆ ಬೇರೆ ಕಂದು ಬಣ್ಣಕ್ಕೆ ತಿರುಗಿರಬೇಕು. ಕೈ ತಗಲುವ ಕಡೆ ಗಾಢ, ಮೂಲೆಯಲ್ಲಿ ತಿಳಿ. ಒಳಗೂ ಹೊರಗೂ ಒಂದೇ ಬಣ್ಣ ಬಳಿದಿದ್ದರೆ ಏನನ್ನೋ ಮುಚ್ಚಿದ್ದಾರೆ. ಬೆರಳ ತುದಿಯನ್ನು ನಾರಿಗೆ ಅಡ್ಡವಾಗಿ ಎಳೆಯಿರಿ. ಕೈಯ ಕೀಸುಳಿ ಓಡಿದ ಕಡೆ ಕಣ್ಣಿಗೆ ಕಾಣದ ಸಣ್ಣ ಏರಿಳಿತ ಬೆರಳಿಗೆ ಸಿಗುತ್ತದೆ.

ಈಗ ಹಳೆ ಮೊಳೆ ತೂತುಗಳು. ಸಂದಿನ ಹತ್ತಿರ ತೂತಿದ್ದರೆ ಎಂದೋ ಮಾಡಿದ ರಿಪೇರಿ. ಆದರೆ ಕಾಲಿನ ನಟ್ಟನಡುವೆ, ಕೈಯ ಮೇಲೆ, ಯಾವ ಕೆಲಸಕ್ಕೂ ಬಾರದ ಜಾಗದಲ್ಲಿ ಲಾಂಬಿ (ಮರದ ಪುಟ್ಟಿ) ತುಂಬಿದ ತೂತು, ಸುತ್ತ ಕಬ್ಬಿಣದ ಕಪ್ಪು ಕಲೆ ಕಂಡಿತೋ, ಆ ಮರ ಹಿಂದಿನ ಜನ್ಮದಲ್ಲಿ ತೊಲೆಯಾಗಿತ್ತು. ಹಳೆ ಮರ, ಹೊಸ ಕುರ್ಚಿ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಸಂದುಗಳಲ್ಲಿ ಒಂದು ತುಂಡಿನ ನಾಲಿಗೆ ಇನ್ನೊಂದರ ಗುಳಿಯೊಳಗೆ ಕೂತಿರಬೇಕು. ಟಾರ್ಚ್ ಬಿಟ್ಟಾಗ ಗಾಜಿನಂತೆ ಹರಳುಗಟ್ಟಿದ ಕಂದು ಅಂಟು ಕಂಡರೆ ಅದು ಮರವಜ್ರ, ಪ್ರಾಣಿಗಳ ಚರ್ಮ-ಮೂಳೆಯಿಂದ ಮಾಡುತ್ತಿದ್ದ ಹಳೆ ಕಾಲದ ಅಂಟು. ಬಿಸಿನೀರಿನ ಬಟ್ಟೆ ಇಟ್ಟರೆ ಮೆತ್ತಗಾಗುತ್ತದೆ. ಬಿಳಿ ಅಂಟು ಕಂಡ ಮಾತ್ರಕ್ಕೆ ತಳ್ಳಿಹಾಕಬೇಡಿ. ಫೆವಿಕಾಲ್ ಬಂದದ್ದೇ 1959ರಲ್ಲಿ, ಅರವತ್ತರ ಸಾಮಾನಿನಲ್ಲಿ ಇರಬಹುದು. ಸ್ಕ್ರೂ ತಲೆಯಲ್ಲಿ ಒಂದೇ ಗೀಟು ಇರಬೇಕು. ಕೂಡು ಗುರುತಿನ ಸ್ಕ್ರೂ ಒಂದೆರಡಿದ್ದರೆ ರಿಪೇರಿ, ಎಲ್ಲವೂ ಅದೇ ಆಗಿದ್ದರೆ ಕುರ್ಚಿಯೇ ಹೊಸದು. ಹಿತ್ತಾಳೆ ಹಿಡಿಗೆ ಅಯಸ್ಕಾಂತ ಅಂಟಿದರೆ ಅದು ಕಬ್ಬಿಣದ ಮೇಲಿನ ಲೇಪ. ಡ್ರಾಯರಿನ ತಳದಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಂಡರೆ ಆ ತಳವಾದರೂ ಆ ಕಾಲದ್ದಲ್ಲ.

ಸವೆತಕ್ಕೂ ನ್ಯಾಯ ಇರುತ್ತದೆ. ಕುರ್ಚಿಯ ಹಿಂಗಾಲಿನ ತುದಿ, ಕೈಯ ಮುಂದಿನ ಗುಂಡು, ಡ್ರಾಯರಿನ ಕೆಳ ಅಂಚು ಹೆಚ್ಚು ಸವೆಯಬೇಕು. ನಾಲ್ಕೂ ಕಾಲಿಗೆ ಸಮನಾಗಿ ಗಾಯ ಮಾಡಿದ್ದರೆ ಅದು ಹಳೆಯದೆನಿಸಲು ಸರಪಳಿಯಿಂದ ಹೊಡೆದ ಕೆಲಸ.

ಮರದ ಹೆಸರಿನ ಗೊಂದಲ

ಇಲ್ಲಿ ಕನ್ನಡಿಗರು ಮೋಸ ಹೋಗುವ ಒಂದು ಪದ ಇದೆ. ಮರಾಠಿಯ 'ಶಿಸವ್' ಎಂದರೆ ನಮ್ಮ ಬೀಟೆ. ಉತ್ತರದವರ 'ಶೀಶಂ' ಅದರ ದಾಯಾದಿ, ಬೇರೆ ಮರ. ವ್ಯಾಪಾರಿ ಎರಡನ್ನೂ ರೋಸ್‌ವುಡ್ ಎನ್ನುತ್ತಾನೆ. ಬೀಟೆ ನೇರಳೆ ಛಾಯೆಯ ಕಂದು, ಕಪ್ಪು ಗೆರೆ, ಕೆರೆದರೆ ಸಿಹಿ ವಾಸನೆ. ಶೀಶಂ ಹೊಂಬಣ್ಣದ ಕಂದು. ತೂಕವೂ ಹೇಳುತ್ತದೆ: ಒಣಗಿದ ತೇಗ ಘನ ಅಡಿಗೆ ಸುಮಾರು 18 ಕಿಲೋ, ಬೀಟೆ ಸುಮಾರು 24. ತೇಗವನ್ನು ಕೆರೆದರೆ ಚರ್ಮದ ವಾಸನೆ, ಬೆರಳಿಗೆ ಎಣ್ಣೆಯ ಜಿಡ್ಡು. ಬಣ್ಣ ಹಾಕಿ 'ಬೀಟೆ' ಮಾಡಿದ್ದಾರೋ ಎಂಬ ಅನುಮಾನ ಬಂದರೆ ಕಾಣದ ಜಾಗದಲ್ಲಿ ಪಾಲಿಶ್ ಕೆರೆದು ಸ್ಪಿರಿಟ್ ಹತ್ತಿಯಿಂದ ಉಜ್ಜಿ. ಹತ್ತಿ ಕೆಂಪಾಗಿ ಅಡಿಯಲ್ಲಿ ತಿಳಿ ಮರ ಕಂಡರೆ ಉತ್ತರ ಸಿಕ್ಕಿತು. ಬೀಟೆಯೂ ಸ್ವಲ್ಪ ಬಣ್ಣ ಬಿಡುತ್ತದೆ, ಆದರೆ ಬಣ್ಣದಡಿ ತಿಳಿ ಮರ ಹೊರಬರುವುದಿಲ್ಲ. ಬೀಟೆ, ಶೀಶಂ ಎರಡೂ ಡಾಲ್ಬರ್ಜಿಯಾ ಕುಲ. ವಿದೇಶಕ್ಕೆ ಕಳಿಸುವವರಿಗೆ ಸೈಟ್ಸ್ (ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದದ ಕಾಗದಪತ್ರದ ತಲೆನೋವು ಇದೆ.

ಚಂಡೀಗಢ ಕುರ್ಚಿಯ ಬಗ್ಗೆ ಒಂದೇ ಮಾತು. ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜೀನರೆ ಐವತ್ತರ ದಶಕದಲ್ಲಿ ಚಂಡೀಗಢದ ಕಚೇರಿಗಳಿಗೆ ರೂಪಿಸಿದ, ತೇಗ-ಬೆತ್ತದ, ಇಕ್ಕಳದಂಥ ಕಾಲಿನ ಈ ಕುರ್ಚಿಯ ನಕಲು ಈಗ ಧಾರಾಳ. ಮೂಲದ ಮೇಲೆ ಇಲಾಖೆಯ ಅಕ್ಷರ, ಅಂಕೆ ಬಣ್ಣದಲ್ಲಿ ಬರೆದಿರುತ್ತಿತ್ತು, ನಕಲಿಯ ಮೇಲೂ ಈಗ ಬರೆಯುತ್ತಾರೆ. ಈ ಪಾರಂಪರಿಕ ಸಾಮಾನಿನ ಮಾರಾಟ, ಹರಾಜಿಗೆ ಗೃಹ ಸಚಿವಾಲಯ 2011ರಲ್ಲೇ ತಡೆ ಹಾಕಿದೆ. 'ಅಸಲಿ' ಎಂದವನ ಬಳಿ ಕಾಗದ ಕೇಳಿ. ಇಲ್ಲವೆಂದರೆ ಒಳ್ಳೆಯ ಹೊಸ ಕುರ್ಚಿಯ ಬೆಲೆ ಹೇಳಿ.

ಹುಳು, ಬೆತ್ತ, ಪಾಲಿಶ್

ತೇಗದ ಚೇಗನ್ನು (ಒಳಗಿನ ಗಟ್ಟಿ ಭಾಗ) ಹುಳು ಸುಲಭಕ್ಕೆ ತಿನ್ನುವುದಿಲ್ಲ, ಅಂಚಿನಲ್ಲಿ ಉಳಿದ ಬಿಳಿ ಭಾಗವನ್ನು ಬಿಡುವುದಿಲ್ಲ. ಸೂಜಿಮೊನೆಯಂಥ 1-2 ಮಿಲಿಮೀಟರ್ ತೂತುಗಳ ಕೆಳಗೆ ಕಪ್ಪು ಕಾಗದ ಹಾಸಿ, ಸುತ್ತ ತಟ್ಟಿ, ವಾರ ಬಿಡಿ. ಹೊಸ ಹಿಟ್ಟು ಬಿದ್ದರೆ ಹುಳು ಜೀವಂತ. ತೂತುಗಳಿಗೆ ಸಿರಿಂಜಿನಿಂದ ಗೆದ್ದಲು ಎಣ್ಣೆ ಬಿಟ್ಟು, ಪ್ಲಾಸ್ಟಿಕ್ ಸುತ್ತಿ 15 ದಿನ ಬೇರೆ ಕಡೆ ಇಡಿ. ಎಣ್ಣೆಯನ್ನು ಪಾಲಿಶ್ ಮೇಲೆ ಬಳಿದರೆ ಒಳಗೆ ಇಳಿಯುವುದಿಲ್ಲ, ಕಲೆ ಮಾತ್ರ ಉಳಿಯುತ್ತದೆ.

ಜೋತುಬಿದ್ದ ಬೆತ್ತ ಹರಿಯದಿದ್ದರೆ ಬದಲಿಸುವ ಅವಸರ ಬೇಡ. ಕೆಳಮೈಗೆ ಪಾಲಿಶ್ ಇಲ್ಲದ ಕಾರಣ ಅದು ನೀರು ಕುಡಿಯುತ್ತದೆ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕೆಳಗಿನಿಂದ ಅರ್ಧ ಗಂಟೆ ಒತ್ತಿಟ್ಟು, ಯಾರನ್ನೂ ಕೂರಿಸದೆ ರಾತ್ರಿಯಿಡೀ ನೆರಳಲ್ಲಿ ಒಣಗಿಸಿ. ಬಿಗಿಯಾಗುತ್ತದೆ. ಹೊಸದಾಗಿ ಹೆಣೆಸುವುದೇ ಆದರೆ ಚೌಕಟ್ಟಿನ ಸುತ್ತ ಸಾಲು ತೂತುಗಳಿವೆಯೇ ನೋಡಿ. ತೂತಿದ್ದರೆ ಕೈಹೆಣಿಗೆಯನ್ನೇ ಮಾಡಿಸಿ. ಹೆಣೆದ ಹಾಳೆ ತಂದು ಮೊಳೆ ಹೊಡೆಯಲು ಬಿಟ್ಟರೆ ಚೌಕಟ್ಟು ಸೀಳುತ್ತದೆ.

ಪಾಲಿಶ್ ಯಾವುದೆಂದು ತಿಳಿಯದೆ ಉಪ್ಪುಕಾಗದ ಮುಟ್ಟಬೇಡಿ. ಸ್ಪಿರಿಟ್ ಹತ್ತಿ ಅರ್ಧ ನಿಮಿಷ ಇಟ್ಟಾಗ ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಥಿನ್ನರ್‌ಗೆ ಮಾತ್ರ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೇಲೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸಿದ್ದಾರೆ. ಅರಗೇ ಆಗಿದ್ದರೆ ಕೆರೆಯುವ ಅಗತ್ಯವಿಲ್ಲ. 100 ಗ್ರಾಂ ಚಪಡಾ ಅರಗನ್ನು ಅರ್ಧ ಲೀಟರ್ ಸ್ಪಿರಿಟಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಹತ್ತಿಯ ಉಂಡೆಯಿಂದ ತೆಳುವಾಗಿ ಹಚ್ಚಿದರೆ ಹಳೆ ಪದರದ ಜೊತೆ ಬೆರೆಯುತ್ತದೆ. ಒಮ್ಮೆ ಹಚ್ಚಿದ ಕಡೆ ಒಣಗುವ ಮುನ್ನ ಮತ್ತೆ ಉಜ್ಜಿದರೆ ಕೆಳಗಿನ ಪದರವೂ ಎದ್ದು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಳಿಯ ತೇವ ಪದರದೊಳಗೆ ಸಿಕ್ಕಿ ಮೇಲ್ಮೈ ಹಾಲಿನಂತೆ ಬೆಳ್ಳಗಾಗುತ್ತದೆ. 'ಮಳೆಗಾಲದಲ್ಲೂ ಮಾಡಿಕೊಡ್ತೀನಿ' ಎನ್ನುವ ಪಾಲಿಶ್‌ವಾಲಾನಿಗೆ ದೀಪಾವಳಿಗೆ ಬಾ ಎನ್ನಿ.

ಊರಿಗೆ ಕಳಿಸುವವರು ಗಮನಿಸಿ: ಉಡುಪಿ, ಮಂಗಳೂರಿನ ಹವೆ ಮುಂಬೈಯಂತೆಯೇ ತೇವದ್ದು, ಅಲ್ಲಿ ಹೆಚ್ಚು ತೊಂದರೆಯಿಲ್ಲ. ಧಾರವಾಡ, ಕಲಬುರಗಿಯ ಬೇಸಿಗೆಗೆ ಹೋದರೆ ಮರ ಕುಗ್ಗಿ ಸಂದು ಬಿಡುತ್ತದೆ, ಅಗಲ ಹಲಗೆ ಸೀಳುತ್ತದೆ. ಮಳೆಗಾಲ ಮುಗಿದ ಮೇಲೆ ಸಾಗಿಸಿ. ಮೇಜಿನ ಹಲಗೆ ಬಿಚ್ಚಿ ನಿಲುವಾಗಿ ಕಟ್ಟಿಸಿ. ಪಾಲಿಶ್ ಮೇಲೆ ನೇರ ಪ್ಲಾಸ್ಟಿಕ್ ಸುತ್ತಬೇಡಿ, ಹಳೆ ಹತ್ತಿಸೀರೆ ಸುತ್ತಿ ಮೇಲೆ ರಟ್ಟು ಹಾಕಿ. ಊರಲ್ಲಿ ಮೊದಲ ಬೇಸಿಗೆ ಕಳೆಯುವವರೆಗೆ ಸಡಿಲವಾದ ಸಂದಿಗೆ ಅಂಟು ಹಾಕಿಸಬೇಡಿ. ಮಳೆ ಬಿದ್ದ ಮೇಲೂ ಅಲುಗುತ್ತಿದ್ದರೆ ಆಗ ಆಚಾರಿಯನ್ನು ಕರೆಯಿರಿ.