ಬಿಸಿನೀರಲ್ಲೇ ಗಟ್ಟಿಯಾದ ತೊಗಲಿನ ಕೈಕವಚ: ನನ್ನ ಅನುಭವ

ತೊಗಲು ಗಟ್ಟಿಯಾಗಲು ಮೇಣ ಬೇಡ, ಅಂಟು ಬೇಡ, ಬಿಸಿನೀರೊಂದೇ ಸಾಕು ಅಂದಾಗ, ಹಳೆಯ ಕಾಲದ ಯುದ್ಧಗಳನ್ನು ಆಡಿ ತೋರಿಸುವ ನಮ್ಮ ತಂಡದಲ್ಲಿ ಯಾರೂ ನಂಬಲಿಲ್ಲ. ಹಾಗೆ ಮಾಡಿದ ಮುಂಗೈ ಕವಚದ ಜೋಡಿ ತೊಟ್ಟು ಎರಡು ಬೇಸಿಗೆ ಪೂರ್ತಿ ಮೊಂಡು ಕತ್ತಿಯ ಏಟು ತಿಂದಿದ್ದೇನೆ. ಕವಚ ಹಾಗೇ ಇದೆ. ಈಗ ಅವರೇ ಬಂದು ನಮಗೂ ಮಾಡಿಕೊಡು ಅನ್ನುತ್ತಿದ್ದಾರೆ.

ನಾನಿರುವುದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹತ್ತಿರ. ನಮ್ಮ ತಂಡದ್ದು 14ನೇ ಶತಮಾನದ ಕೊನೆಯ ಕಾಲಾಳುಗಳ ವೇಷ. ಸಿನಿಮಾದಲ್ಲಿ ತೋರಿಸುತ್ತಾರಲ್ಲ, ಬರೀ ತೊಗಲಿನ, ಲೇಸು ಬಿಗಿದ ಬ್ರೇಸರ್ (ಮುಂಗೈಗೆ ಕಟ್ಟುವ ರಕ್ಷೆ), ಅದು ನನಗೆ ಒಪ್ಪಿಗೆಯಿಲ್ಲ. ತೊಗಲಿನ ಮೇಲೆ ಉದ್ದಕ್ಕೆ ಉಕ್ಕಿನ ಪಟ್ಟಿ ಹೊಡೆದದ್ದೇ ಆ ಕಾಲಕ್ಕೆ ಹೊಂದುತ್ತದೆ. ಗಟ್ಟಿ ಮಾಡಿದ ತೊಗಲಿಗಂತೂ ಸಾಕ್ಷಿ ಇದೆ. ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿ 14ನೇ ಶತಮಾನದ ಮೇಲ್ತೋಳಿನ ತೊಗಲ ಕವಚ ಇದೆ, ಎಲೆಬಳ್ಳಿಯ ಅಲಂಕಾರ ಸಮೇತ. ಅದರ ಚಿತ್ರ ನೋಡಿದ ಮೇಲೆ ನನಗೆ ಈ ಹುಚ್ಚು ಹಿಡಿದದ್ದು.

ಮೊದಲು ಎಲ್ಲರಂತೆ ಜೇನುಮೇಣ. ಅದ್ದುವ ಪಾತ್ರೆ ತುಂಬಲಿಕ್ಕೇ 3 ಕಿಲೋ ಹತ್ತಿರ ಬೇಕು. 40 ಪೌಂಡ್ ಚಿಲ್ಲರೆ ಅಲ್ಲೇ ಹೋಯಿತು. ಗಟ್ಟಿಯೇನೋ ಆಯಿತು, ಆದರೆ ಭಾರ. ಜುಲೈ ಬಿಸಿಲಿನಲ್ಲಿ ಕಾರಿನೊಳಗಿದ್ದ ಒಂದು ಜೋಡಿ ಮೆತ್ತಗಾಗಿ ಚಪ್ಪಟೆ ಮಲಗಿತು. ಆಮೇಲೆ ಓವನ್. ಅಂಚು ಸುರುಟಿಕೊಂಡಿತು, ನಡು ಮೆತ್ತಗೇ ಉಳಿಯಿತು. ಅಕ್ಕಿ ಗಂಜಿಯನ್ನೂ ಬಿಡಲಿಲ್ಲ. ಗಂಜಿಯಲ್ಲಿ ನೆನೆಸಿ ಒಣಗಿಸಿದ ತೊಗಲು ಹಲಗೆಯೇ ಆಗಿತ್ತು. ಒಂದು ಇಂಗ್ಲಿಷ್ ಮಳೆ ಬಿತ್ತು ನೋಡಿ, ಕೈಗೆಲ್ಲ ಲೋಳೆ. ವಾರದಲ್ಲಿ ಬೂಷ್ಟು. ಇದಕ್ಕೆಲ್ಲ ಸೇರಿ 200 ಪೌಂಡ್ ಕೈಬಿಟ್ಟು ಹೋಗಿರಬಹುದು.

ಕ್ರೋಮಿಯಂ ಲವಣ ಹಾಕಿ ಹದ ಮಾಡಿದ ಕ್ರೋಮ್ ತೊಗಲು ಬಿಸಿನೀರಿಗೆ ಬಗ್ಗುವುದಿಲ್ಲ. ಮರದ ತೊಗಟೆಯಲ್ಲಿ ಹದ ಮಾಡಿದ್ದೇ ಬೇಕು, ಮೂರೂವರೆಯಿಂದ ನಾಲ್ಕು ಮಿಲಿಮೀಟರ್ ದಪ್ಪ. ಡೆವನ್‌ನ ಕೋಲಿಟನ್‌ನಲ್ಲಿ ತೊಗಲು ಹದ ಮಾಡುವ ಬೇಕರ್‌ನವರು ಓಕ್ ತೊಗಟೆಯಲ್ಲಿ ವರ್ಷಕ್ಕೂ ಮೇಲೆ ಹದ ಮಾಡುವ ತೊಗಲು ಬಲು ಚೆಂದ. ಆದರೆ ಏಟು ತಿನ್ನುವ ಕವಚಕ್ಕೆ ಅಷ್ಟು ದುಡ್ಡು ಸುರಿಯುವುದು ಯಾಕೆ? ದನದ ಭುಜದ ಭಾಗದ ಸಾಧಾರಣ ತೊಗಲು 70 ಪೌಂಡಿಗೆ ಸಿಗುತ್ತದೆ, ಮೂರು ಜೋಡಿ ಆಗುತ್ತದೆ. ಒಮ್ಮೆ ಊರಿಗೆ ಹೋದಾಗ ಅಥಣಿಯಿಂದ ಚಪ್ಪಲಿ ತೊಗಲು ತಂದಿದ್ದೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು. ಅದೂ ಚೆನ್ನಾಗಿ ಗಟ್ಟಿಯಾಯಿತು. ದಪ್ಪ ಸಾಲದು ಅಂತ ಬೆರಳಿನ ರಕ್ಷೆಗೆ ಬಳಸಿದೆ.

ಈಗ ಮುಖ್ಯ ವಿಷಯ. ತೊಗಲನ್ನು ತಣ್ಣೀರಿನಲ್ಲಿ ಗುಳ್ಳೆ ನಿಲ್ಲುವ ತನಕ ನೆನೆಸಿ. ಇನ್ನೊಂದು ಪಾತ್ರೆಯಲ್ಲಿ ನೀರು 80 ಡಿಗ್ರಿ, ಥರ್ಮಾಮೀಟರ್ ಇಟ್ಟೇ ನೋಡಿ. ಕುದಿಸಬೇಡಿ. ತೊಗಲು ಇಳಿಸಿದ ಅರ್ಧ ನಿಮಿಷಕ್ಕೆ ಬಣ್ಣ ಕಪ್ಪಾಗುತ್ತದೆ, ಅಂಚು ಒಳಗೆ ಎಳೆದುಕೊಳ್ಳಲು ಶುರುಮಾಡುತ್ತದೆ. ಅಲ್ಲಿಂದ ಹತ್ತು ಹದಿನೈದು ಸೆಕೆಂಡ್, ತೆಗೆದುಬಿಡಿ. ಎಂಟರಲ್ಲಿ ಒಂದು ಪಾಲು ಕುಗ್ಗಿರುತ್ತದೆ. ಅದಕ್ಕೇ ನಾನು ಮೊದಲೇ ದೊಡ್ಡದಾಗಿ ಕತ್ತರಿಸುತ್ತೇನೆ, ತೂತುಗಳನ್ನು ಕೊನೆಗೆ ಹೊಡೆಯುತ್ತೇನೆ. ಎರಡು ನಿಮಿಷ ಬಿಟ್ಟರೆ ಮೂರರಲ್ಲಿ ಒಂದು ಪಾಲು ಕುಗ್ಗಿ, ಸುತ್ತಿಗೆ ಏಟಿಗೆ ಹಪ್ಪಳದಂತೆ ಮುರಿಯುತ್ತದೆ.

ಹೊರಗೆ ಬಂದ ಮೇಲೆ ಮೂರ್ನಾಲ್ಕು ನಿಮಿಷ ರಬ್ಬರಿನಂತೆ ಜಗ್ಗುತ್ತದೆ. ಅಷ್ಟರೊಳಗೆ ಅಚ್ಚಿಗೆ ಬಿಗಿಯಬೇಕು. ನನ್ನ ಅಚ್ಚು ಮುಂಗೈ ಆಕಾರಕ್ಕೆ ಕೆತ್ತಿದ ಮರದ ತುಂಡು. ಯಾವುದರಿಂದ ಬಿಗಿಯುತ್ತೇನೆ, ಅಂಚು ಹೊರಗೆ ಬಾಗದಂತೆ ಏನು ಮಾಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ನೆರಳಲ್ಲಿ ಎರಡು ಮೂರು ದಿನ ಒಣಗಲಿ. ಬೆರಳಿನಿಂದ ಬಡಿದರೆ ಟಕ್ ಟಕ್ ಅಂತ ಮರದ ಸದ್ದು ಬರಬೇಕು. ಮಂದ ಸದ್ದು ಬಂದರೆ ಒಳಗಿನ್ನೂ ಹಸಿ ಅಂತ.

ಕಪ್ಪು ಬಣ್ಣಕ್ಕೆ ದುಡ್ಡು ಕೊಡಬೇಡಿ. ಪಾತ್ರೆ ತಿಕ್ಕುವ ಸಾದಾ ಉಕ್ಕಿನ ನಾರನ್ನು ವಿನೆಗರ್‌ನಲ್ಲಿ ವಾರ ನೆನೆಹಾಕಿ. ತೊಗಟೆ ಹದದ ತೊಗಲಿಗೆ ಆ ನೀರು ತಾಗಿದ ಕೂಡಲೇ ಇದ್ದಿಲ ಕಪ್ಪು. ಕೊನೆಗೆ ಅಡಿಗೆ ಸೋಡಾ ನೀರಲ್ಲಿ ತೊಳೆಯುವುದು ಮಾತ್ರ ತಪ್ಪಿಸಬೇಡಿ.

ಬಿಲ್ಲುಗಾರ ಗೆಳೆಯರಿಗೆ ಒಂದು ಮಾತು. ಇದು ನಿಮಗಲ್ಲ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಮೇರಿ ರೋಸ್ ಎಂಬ ಯುದ್ಧದ ಹಡಗಿನಲ್ಲಿ ಸಿಕ್ಕ ಬಿಲ್ಲುಗಾರರ ಬ್ರೇಸರ್‌ಗಳನ್ನು ಇಲ್ಲೇ ಪೋರ್ಟ್ಸ್‌ಮತ್‌ನಲ್ಲಿ ನೋಡಿ. ಮಣಿಕಟ್ಟಿನ ಒಳಮೈಗೆ ಒಂದು ಚಿಕ್ಕ ತುಂಡು, ಅಷ್ಟೇ. ಹೆದೆಯ ಉಜ್ಜುವಿಕೆ ತಡೆಯಲಿಕ್ಕೆ ಅಷ್ಟು ಸಾಕು.

ಪಟ್ಟಿ, ರಿವೆಟ್, ಬಕಲ್ ಎಲ್ಲ ಸೇರಿ ನನಗೆ ಒಂದು ಜೋಡಿಗೆ 35 ಪೌಂಡ್ ಬೀಳುತ್ತದೆ. ಇಂಥದ್ದೇ ಜೋಡಿಗೆ ಮೇಳದ ಅಂಗಡಿಯಲ್ಲಿ 120 ಕೇಳುತ್ತಾರೆ. ಮುಂದೆ ಕಾಲಿಗೂ ಮಾಡಬೇಕು. ಮೊಣಕಾಲ ಕೆಳಗಿನ ತುಂಡು ಮುಳುಗುವಷ್ಟು ದೊಡ್ಡ ಪಾತ್ರೆ ಮನೆಯಲ್ಲಿಲ್ಲ. ಹಳೆಯ ಹಂಡೆಯಂಥದ್ದು ಎಲ್ಲಾದರೂ ಕಂಡರೆ ತಿಳಿಸಿ.